ಬಸವಂತಮ್ಮನ ಮೂರು ಕೂಗು

ರಾಯಚೂರು
13 ಜನವರಿ 2025

ವಹೀದ್ ಚಾಚಾ ಅವರಿಗೆ,

ನಿಮ್ಮ ಫೋನು ಒಂದು ವಾರದಿಂದ ಬಂದ್ ಇದೆ. ದೇವದುರ್ಗದ ಮನೆಗೆ ಬೀಗ. ಮಗಳು ಮಿನಾಜಳ ಮನೆಗೆ, ಮಾನ್ವಿಗೆ ಹೋಗಿದ್ದೀರೆಂದು ನೆರೆಯವರು ಹೇಳಿದರು. ಅದಕ್ಕೇ ಈ ಕಾಗದವನ್ನು ಬಸ್ ಕಂಡಕ್ಟರ್ ಮೀರಾಹುಸೇನನ ಕೈಲಿ ಕಳಿಸುತ್ತಿದ್ದೇನೆ. ಕೈಯಲ್ಲಿ ಕಾಗದ ಬರೆದು ಎಷ್ಟು ವರ್ಷವಾಯಿತೋ, ಬೆರಳು ನೋಯುತ್ತಿವೆ. ಆ ಸಿಟ್ಟೂ ನಿಮ್ಮ ಮೇಲೆಯೇ.

ಅರಕೇರಾದ ಬಸವಂತಮ್ಮನ ಕೇಸು ಹೋಯಿತು. ಗಂಡ ಹುಲಿಗೇಶ ಹಾಕಿದ್ದ ವಿಚ್ಛೇದನದ ಅರ್ಜಿಯಲ್ಲಿ ಜನವರಿ ಆರರಂದು ಅವಳು ಸಾಕ್ಷಿ ಹೇಳಬೇಕಿತ್ತು. ಗೈರುಹಾಜರು ಎಂದು ಬರೆದುಕೊಂಡು ಹತ್ತರಂದು ಆದೇಶ ಮಾಡಿದ್ದಾರೆ. ವಿಚ್ಛೇದನವಾಯಿತೆಂದು ಅವಳು ಅಳುತ್ತಿಲ್ಲ. ಮಗಳು ವಿಜಯಲಕ್ಷ್ಮಿಯನ್ನು ಫೆಬ್ರುವರಿ ಹತ್ತರೊಳಗೆ ತಂದೆಗೆ ಒಪ್ಪಿಸಬೇಕಂತೆ. ಒಂಬತ್ತು ವರ್ಷದ ಹುಡುಗಿ. ಆ ತಂದೆ ಐದು ವರ್ಷದಿಂದ ಅವಳ ಮುಖ ನೋಡಿಲ್ಲ. ಪುಣೆಯಲ್ಲಿ ಅವನಿಗೆ ಇನ್ನೊಂದು ಸಂಸಾರವಿದೆ, ಅಲ್ಲೊಂದು ಕೈಗೂಸಿದೆ, ಅದನ್ನು ಎತ್ತಿಕೊಳ್ಳಲು ಒಂದು ಹೆಣ್ಣುಮಗು ಬೇಕಾಗಿದೆ. ಇದು ನನಗೂ ಗೊತ್ತು, ನಿಮಗೂ ಗೊತ್ತು. ಕೋರ್ಟಿಗೆ ಹೇಳಬೇಕಾದವಳು ಮಾತ್ರ ಆ ದಿನ ಬರಲಿಲ್ಲ.

ಶನಿವಾರ ನನ್ನ ಕಚೇರಿಗೆ ಬಂದು ನೆಲದ ಮೇಲೆ ಕೂತುಬಿಟ್ಟಳು. ತಾರೀಖನ್ನು ಚಾಚಾ ಹೇಳಿದ್ದರಂತೆ, ತಾನು ಬಂದಿದ್ದಳಂತೆ, ಯಾರೂ ಕೂಗಲಿಲ್ಲವಂತೆ. ತಾರೀಖು ತಪ್ಪಿಸಿಕೊಂಡ ಕಕ್ಷಿದಾರರೆಲ್ಲ ಹೇಳುವುದು ಇದನ್ನೇ. ಆದರೆ ನಿಮ್ಮ ಹೆಸರು ಬಂದದ್ದಕ್ಕೆ ಕೇಳುತ್ತಿದ್ದೇನೆ. ವಿರೂಪಣ್ಣ ವಕೀಲರು ತೀರಿಕೊಂಡು ಅವರ ಕೇಸುಗಳು ನನ್ನ ಕೈಗೆ ಬಂದಾಗ, ಹೋದ ದಸರಾದಲ್ಲೇ, ಅವರ ಗುಮಾಸ್ತರಾಗಿದ್ದ ನಿಮಗೆ ಹೇಳಿದ್ದೆ: ಇನ್ನು ಮೇಲೆ ನೀವು ಊರೂರು ತಿರುಗಿ ತಾರೀಖು ಹೇಳುವುದು ಬೇಡ, ಆ ಕೆಲಸಕ್ಕೆ ಆ್ಯಪ್ ಹಾಕಿಸಿದ್ದೇನೆ ಎಂದು. ಅದು ಕಕ್ಷಿದಾರರಿಗೆ ಕನ್ನಡದಲ್ಲೇ ಫೋನ್ ಮಾಡಿ ತಾರೀಖು ಹೇಳುತ್ತದೆ, ಉತ್ತರ ಬರೆದುಕೊಳ್ಳುತ್ತದೆ.

ನೀವು ಬಸವಂತಮ್ಮನಿಗೆ ಯಾವ ತಾರೀಖು ಹೇಳಿದಿರಿ? ತಪ್ಪಿದ್ದರೆ ಒಪ್ಪಿಕೊಳ್ಳಿ. ವಯಸ್ಸಾಗಿದೆ, ಯಾರೂ ಬೈಯುವುದಿಲ್ಲ.

ನಾಗವೇಣಿ


ಮಾನ್ವಿ
16 ಜನವರಿ 2025

ನಾಗವೇಣಿ ಮೇಡಂ ಅವರಿಗೆ ಅಬ್ದುಲ್ ವಹೀದನ ಸಲಾಮುಗಳು.

ಯಾರೂ ಬೈಯುವುದಿಲ್ಲ ಎಂದು ಬರೆದು ಒಂದೂವರೆ ಪುಟ ಬೈದಿದ್ದೀರಿ. ಇರಲಿ. ಕಚೇರಿಗೆ ಬಂದ ಹೊಸದರಲ್ಲಿ ಫೈಲು ಹೊಲಿಯುವ ದಬ್ಬಣವನ್ನು ಬೆರಳಿಗೆ ಚುಚ್ಚಿಕೊಂಡು ನೀವು ಅತ್ತದ್ದು ನನಗೆ ನೆನಪಿದೆ. ಆಗಲೂ ದಬ್ಬಣ ಕೊಟ್ಟವನನ್ನೇ ಬೈದಿದ್ದಿರಿ.

ನಾನು ಹೇಳಿದ ತಾರೀಖು ಆರೇ. ಡಿಸೆಂಬರ್ ಕೊನೆಗೆ ಅರಕೇರಾಕ್ಕೆ ಹೋಗಿ, ಹತ್ತಿ ಹೊಲದಲ್ಲಿ ಅವಳನ್ನು ಹುಡುಕಿ ಹೇಳಿ ಬಂದೆ. ಆ್ಯಪ್ ಫೋನ್ ಮಾಡಿದ ನಂಬರು ಅವಳ ತಮ್ಮನದು. ಅವನು ದುಡಿಯಲು ಊರು ಬಿಟ್ಟು ಮೂರು ತಿಂಗಳಾಯಿತು, ಆ ಸಿಮ್ಮೂ ಈಗಿಲ್ಲ. ನೀವು ಬೇಡವೆಂದ ಮೇಲೂ ಹೋದದ್ದು ನನ್ನ ತಪ್ಪು. ಹೋದೆನೆಂದು ಹೇಳಿದರೆ ಬೈಯುತ್ತೀರೆಂದು ಹೇಳದೆ ಉಳಿದದ್ದು ಅದಕ್ಕಿಂತ ದೊಡ್ಡ ತಪ್ಪು.

ಇನ್ನೊಂದು ತಪ್ಪೂ ಇದೆ. ಮೂವತ್ನಾಲ್ಕು ವರ್ಷ ಎಲ್ಲ ಕಕ್ಷಿದಾರರಿಗೂ ಹೇಳಿದ ಮಾತನ್ನೇ ಅವಳಿಗೂ ಹೇಳಿದೆ: ಜವಾನ ಹೊರಗೆ ಬಂದು ಹೆಸರು ಮೂರು ಸಲ ಕೂಗುತ್ತಾನೆ, ಕೂಗುವವರೆಗೆ ಒಳಗೆ ಕಾಲಿಡಬೇಡ, ಕೂಗಿದಾಗ ಹಾಜರ್ ಎನ್ನು. ಕೂಗದೆ ಒಳಗೆ ಹೋಗಿ ಬೈಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಆ ದಿನ ದೇವದುರ್ಗದಲ್ಲಿ ಅವಳ ಹೆಸರು ಕೂಗುವವರೇ ಇರಲಿಲ್ಲ. ಜಡ್ಜ್ ಸಾಹೇಬರಿಗೆ ವರ್ಗವಾಗಿ ಆ ಕುರ್ಚಿ ಖಾಲಿ ಇದೆ. ಅವರ ಕೇಸುಗಳನ್ನು ಮಾನ್ವಿಯ ಸಾಹೇಬರು ಅಲ್ಲಿಂದಲೇ ಪರದೆಯ ಮೇಲೆ ನಡೆಸುತ್ತಿದ್ದಾರೆ. ಕೂಗಿದ್ದು ಮಾನ್ವಿಯಲ್ಲಿ, ಅವಳು ಕೂತದ್ದು ದೇವದುರ್ಗದಲ್ಲಿ. ವಕೀಲರೇ ತಮ್ಮ ಕಕ್ಷಿದಾರರನ್ನು ಪರದೆಯ ಮುಂದೆ ಹಾಜರುಪಡಿಸಬೇಕೆಂದು ದೇವದುರ್ಗದ ಬೋರ್ಡಿನ ಮೇಲೆ ಚೀಟಿ ಅಂಟಿಸಿದ್ದರಂತೆ. ಅವಳಿಗೆ ಓದು ಬಾರದು.

ಒಂದು ಮಾತು ಕೇಳುತ್ತೇನೆ. ಹೆಸರು ಬಂದಾಗ ನಮ್ಮ ಕಡೆಯಿಂದ ಪರದೆಯಲ್ಲಿ ಯಾರಿದ್ದರು, ಏನು ಹೇಳಿದರು? ಆದೇಶದಲ್ಲಿ ಬರೆದಿರಬೇಕಲ್ಲ.

ಫೋನನ್ನು ಆರನೇ ತಾರೀಖಿನಿಂದ ಬಂದ್ ಇಟ್ಟಿದ್ದೇನೆ. ಅಂದು ನಿಮಗೆ ಒಂದು ಸಲ ಮಾಡಿದ್ದೆ, ಅಷ್ಟೇ ಸಾಕೆನಿಸಿತು. ಮೊಣಕಾಲಿನ ಔಷಧಿ ಇಲ್ಲಿಯೇ ನಡೆದಿದೆ.

ಅಬ್ದುಲ್ ವಹೀದ್


ರಾಯಚೂರು
18 ಜನವರಿ 2025

ಚಾಚಾ,

ಆದೇಶದಲ್ಲಿ ವಿಶೇಷವೇನೂ ಬರೆದಿಲ್ಲ. ಪ್ರತಿವಾದಿ ಗೈರುಹಾಜರು ಎಂದಿದೆ. ಅದನ್ನು ಕೆದಕಿ ಕೂರುವ ಹೊತ್ತಲ್ಲ ಇದು. ಆದೇಶ ರದ್ದು ಮಾಡಿಸಲು ಅರ್ಜಿ ಹಾಕಬೇಕು, ಅವಳು ಯಾಕೆ ಬರಲಿಲ್ಲ ಎಂಬುದಕ್ಕೆ ಪ್ರಮಾಣಪತ್ರ ಬೇಕು. ಅದನ್ನು ಇದರೊಂದಿಗೆ ಇಟ್ಟಿದ್ದೇನೆ.

ಅರ್ಜಿ ಬರೆದುಕೊಡುವ ಹೊಸ ಪ್ರೋಗ್ರಾಮಿಗೆ ಹೆಸರು, ಊರು, ಕೇಸು ನಂಬರು ಕೊಟ್ಟೆ. ಎರಡು ನಿಮಿಷದಲ್ಲಿ ಆರು ಪುಟ ಬರೆಯಿತು. ವಿರೂಪಣ್ಣನವರು ಹೇಳಿ ನೀವು ಬರೆದುಕೊಳ್ಳುತ್ತಿದ್ದರೆ ಒಂದು ಮಧ್ಯಾಹ್ನವೇ ಹೋಗುತ್ತಿತ್ತು. ಪ್ರತಿವಾದಿಗೆ ತೀವ್ರ ಜ್ವರ ಬಂದು ಮೇಲೇಳಲಾಗಲಿಲ್ಲ ಎಂದಿದೆ. ಜ್ವರವೆಂದು ನಾನು ಹೇಳಿಕೊಟ್ಟದ್ದಲ್ಲ. ಇಂಥ ಸಾವಿರಾರು ಅರ್ಜಿಗಳನ್ನು ಓದಿ ಕಲಿತದ್ದಂತೆ, ಅದಕ್ಕೂ ಜ್ವರವೇ ಹೊಳೆಯಿತು. ನಮಗೂ ಇಷ್ಟು ವರ್ಷ ಅದೇ ತಾನೇ ಹೊಳೆಯುತ್ತಿದ್ದುದು? ಡಾಕ್ಟರ ಚೀಟಿಯನ್ನು ನಾನು ನೋಡಿಕೊಳ್ಳುತ್ತೇನೆ.

ಅರಕೇರಾಕ್ಕೆ ಹೋಗಿ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಬನ್ನಿ. ಬೇಡವೆಂದಾಗ ಹೋದವರು ಈಗ ಬೇಕೆಂದಾಗಲೂ ಹೋಗಿ.

ನಾಗವೇಣಿ


ದೇವದುರ್ಗ
22 ಜನವರಿ 2025

ನಾಗವೇಣಿ ಮೇಡಂ ಅವರಿಗೆ,

ಪ್ರಮಾಣಪತ್ರವನ್ನು ಹಾಗೆಯೇ ವಾಪಸು ಕಳಿಸಿದ್ದೇನೆ. ಹೆಬ್ಬೆಟ್ಟು ಬಿದ್ದಿಲ್ಲ.

ಅರಕೇರಾದಲ್ಲಿ ಅವಳ ಮನೆಯ ಕಟ್ಟೆಯ ಮೇಲೆ ಕೂತು ಆರೂ ಪುಟ ಓದಿ ಹೇಳಿದೆ. ಜ್ವರದ ಜಾಗ ಬಂದಾಗ ತಡೆದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ನನಗ ಜ್ವರಾ ಎಲ್ಲಿ ಬಂದಿತ್ತು ಚಾಚಾ? ನಾ ಬಂದು ಬಾಗಲದಾಗ ಕುಂತಿದ್ನೆಲ್ಲ. ನಾಳಿ ಈ ಸುಳ್ಳು ಹಿಡದು, ಮಗಳ ಬಗ್ಗಿ ಹೇಳೂದೂ ಸುಳ್ಳ ಅಂದ್ರ ನಾ ಏನ ಮಾಡ್ಲಿ?"

ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ. ಇಷ್ಟು ವರ್ಷ ಇಂಥ ನೂರಾರು ಜ್ವರಗಳಿಗೆ ಹೆಬ್ಬೆಟ್ಟು ಒತ್ತಿಸಿದ್ದೇನೆ, ಹೀಗೆ ಯಾರೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಸೋಮವಾರ ಹುಲಿಗೇಶ ಶಾಲೆಗೆ ಬಂದಿದ್ದನಂತೆ. ಆದೇಶದ ಪ್ರತಿ ಅವನ ಫೋನಿನಲ್ಲೇ ಇತ್ತು. ಫೆಬ್ರುವರಿ ಹತ್ತರವರೆಗೆ ಕಳಿಸುವುದಿಲ್ಲ ಎಂದು ಟೀಚರಮ್ಮ ಹೇಳಿದ್ದಕ್ಕೆ, ಹತ್ತಕ್ಕೇ ಬರುತ್ತೇನೆಂದು ಹೋಗಿದ್ದಾನೆ. ಅಂದಿನಿಂದ ಹುಡುಗಿ ಶಾಲೆಗೆ ಹೋಗಿಲ್ಲ. ನಾನು ಹೋದಾಗ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು, ಕರೆದರೂ ಈಚೆ ಬರಲಿಲ್ಲ.

ಒಂದು ದಾರಿ ಹೊಳೆದಿದೆ. ದೇವದುರ್ಗದ ಕೋರ್ಟಿನ ವರಾಂಡದಲ್ಲಿ ಕ್ಯಾಮೆರಾ ಇದೆ. ಅದರಲ್ಲಿನ ಚಿತ್ರ ಮೂವತ್ತು ದಿನ ಉಳಿಯುತ್ತದೆ, ಆಮೇಲೆ ತಾನಾಗಿಯೇ ಅಳಿಸಿಹೋಗುತ್ತದೆ ಎಂದು ಆಫೀಸಿನವರು ಹೇಳಿದರು. ಆರನೇ ತಾರೀಖಿನದು ಫೆಬ್ರುವರಿ ಐದರವರೆಗೆ ಇರುತ್ತದೆ. ತೆಗೆದಿಡಲು ವಕೀಲರೇ ಅರ್ಜಿ ಕೊಡಬೇಕಂತೆ, ಗುಮಾಸ್ತನ ಮಾತು ನಡೆಯುವುದಿಲ್ಲ. ನೀವು ಒಮ್ಮೆ ಬರಬೇಕು.

ಅಬ್ದುಲ್ ವಹೀದ್


ರಾಯಚೂರು
24 ಜನವರಿ 2025

ವಹೀದ್ ಅವರಿಗೆ,

ಮೀರಾಹುಸೇನನನ್ನು ವಿಚಾರಿಸಿದೆ. ಆರನೇ ತಾರೀಖು ಬೆಳಿಗ್ಗೆ ನೀವು ಅವನ ಬಸ್ಸಿನಲ್ಲೇ ಮಾನ್ವಿಯಲ್ಲಿ ಇಳಿದಿರಂತೆ. ಮಾನ್ವಿಯಲ್ಲಿದ್ದವರಿಗೆ, ಅವಳು ದೇವದುರ್ಗದ ಬಾಗಿಲಲ್ಲಿ ಕೂತಿದ್ದಳೆಂದು ಹೇಗೆ ಗೊತ್ತು? ಅವಳು ಹೇಳಿದ್ದನ್ನು ನಂಬಿ ನನಗೆ ಬುದ್ಧಿ ಹೇಳುತ್ತಿದ್ದೀರಿ. ಕ್ಯಾಮೆರಾ ತೆಗೆಸಿ, ಅದರಲ್ಲಿ ಅವಳು ಇಲ್ಲದೇ ಹೋದರೆ? ಆಗ ಜ್ವರದ ದಾರಿಯೂ ಮುಚ್ಚುತ್ತದೆ, ಹುಡುಗಿ ಪುಣೆಗೆ ಹೋಗುತ್ತಾಳೆ.

ಇದ್ದರೆ ಏನಾಗುತ್ತದೆ ಎಂಬುದನ್ನೂ ಯೋಚಿಸಿದ್ದೀರಾ? ಕಕ್ಷಿದಾರಳು ಬಾಗಿಲಲ್ಲಿರುವಾಗ ವಕೀಲೆ ಏನು ಮಾಡುತ್ತಿದ್ದಳು ಎಂದು ಜಡ್ಜ್ ಕೇಳುತ್ತಾರೆ. ಸರ್ಕಾರಿ ವಕೀಲರ ಪಟ್ಟಿಗೆ ಈ ತಿಂಗಳು ನನ್ನ ಹೆಸರು ಹೋಗಿದೆ. ನಮ್ಮಪ್ಪ ಗದ್ದೆಪ್ಪ ಸಿರವಾರದಲ್ಲಿ ಭತ್ತದ ಚೀಲ ಹೊತ್ತು ನನ್ನನ್ನು ಓದಿಸಿದ್ದು ನಿಮಗೆ ಗೊತ್ತು. ನಮ್ಮ ಕೇರಿಯಿಂದ ಕಪ್ಪು ಕೋಟು ಹಾಕಿದವಳು ನಾನೊಬ್ಬಳೇ. ನಾನು ಒಂದು ಸಲ ಎಡವಿದರೆ ಸಾಕು, ಇವರಿಗೆಲ್ಲ ಇಷ್ಟೇ ಎನ್ನಲು ಜನ ಕಾದು ಕೂತಿದ್ದಾರೆ.

ನನಗೆ ನಾಲ್ಕು ದಿನ ಬಿಡುವಿಲ್ಲ. ಅರ್ಜಿಯ ವಿಷಯ ನಾನೇ ನೋಡಿಕೊಳ್ಳುತ್ತೇನೆ. ಇನ್ನು ನೀವು ಅರಕೇರಾಕ್ಕೆ ಹೋಗಬೇಡಿ.

ನಾಗವೇಣಿ


ಮಾನ್ವಿ
27 ಜನವರಿ 2025

ಮೇಡಂ ಅವರಿಗೆ,

ಕ್ಯಾಮೆರಾಕ್ಕೆ ಇನ್ನು ಒಂಬತ್ತು ದಿನ.

ಅಬ್ದುಲ್ ವಹೀದ್


ದೇವದುರ್ಗ
31 ಜನವರಿ 2025

ಚಾಚಾ,

ಇದನ್ನು ದೇವದುರ್ಗ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ರಾಯಚೂರಿನ ಎರಡು ಬಸ್ಸು ಬಿಟ್ಟೆ.

ನಿಮ್ಮ ಒಂದು ಸಾಲಿನ ಕಾಗದ ಮೂರು ದಿನ ನನ್ನ ಮೇಜಿನ ಮೇಲಿತ್ತು. ನಿನ್ನೆ ಬಂದು ಅರ್ಜಿ ಕೊಟ್ಟೆ. ಇವತ್ತು ಆಫೀಸಿನವರ ಎದುರಿಗೇ ಆರನೇ ತಾರೀಖಿನ ಚಿತ್ರ ನೋಡಿದೆ. ಅವರು ಅದರ ಪ್ರತಿ ತೆಗೆದು ಮೊಹರು ಹಾಕಿ ಇಟ್ಟಿದ್ದಾರೆ. ಇನ್ನು ಅಳಿಸಿಹೋಗುವುದಿಲ್ಲ.

ಅದರಲ್ಲಿ ದನಿಯಿಲ್ಲ. ಹತ್ತು ಗಂಟೆ ಎಂಟು ನಿಮಿಷಕ್ಕೆ ಬಸವಂತಮ್ಮ ವರಾಂಡಕ್ಕೆ ಬರುತ್ತಾಳೆ. ಚಪ್ಪಲಿ ಬಿಟ್ಟು ಬಾಗಿಲ ಪಕ್ಕ ಕೂರುತ್ತಾಳೆ. ಪಕ್ಕದ ಕೋರ್ಟಿನ ಜವಾನ ಹೊರಗೆ ಬಂದು ಬಾಯಿ ತೆರೆದಾಗಲೆಲ್ಲ ಎದ್ದು ನಿಲ್ಲುತ್ತಾಳೆ, ತನ್ನ ಹೆಸರಲ್ಲವೆಂದು ತಿಳಿದು ಕೂರುತ್ತಾಳೆ. ಹದಿನಾಲ್ಕು ಸಲ ಎದ್ದಳು. ಊಟಕ್ಕೂ ಹೋಗಲಿಲ್ಲ. ಐದೂ ಕಾಲಿಗೆ ಬಾಗಿಲು ಹಾಕಿದ ಮೇಲೆ ಚಪ್ಪಲಿ ಹಾಕಿಕೊಂಡಳು.

ಈಗ ನಿಮ್ಮಿಂದ ಬಚ್ಚಿಟ್ಟದ್ದನ್ನು ಬರೆಯುತ್ತೇನೆ. ನಮ್ಮ ಕಡೆಯಿಂದ ಪರದೆಯಲ್ಲಿ ಇದ್ದದ್ದು ನಾನೇ. ರಾಯಚೂರಿನ ನನ್ನ ಮೇಜಿನ ಮೇಲೆ ಆ ಹೊತ್ತಿಗೆ ಮೂರು ಕೋರ್ಟು ತೆರೆದಿದ್ದವು, ಒಂದೇ ಪರದೆಯಲ್ಲಿ ಮೂರು ಚೌಕ. ಅವಳ ಹೆಸರು ಬಂದಾಗ ಆ್ಯಪ್ ನೋಡಿದೆ. ಉತ್ತರವಿಲ್ಲ ಎಂದು ಕೆಂಪು ಗುರುತು ಇತ್ತು. ಅದನ್ನು ಓದಿ ಹೇಳಿದೆ. ಆದೇಶದ ಎರಡನೇ ಪುಟದಲ್ಲಿ ಅಚ್ಚಾಗಿದೆ: ಕಕ್ಷಿದಾರರು ಬಂದಿಲ್ಲ, ಸಂಪರ್ಕಕ್ಕೂ ಸಿಕ್ಕಿಲ್ಲ ಎಂದು ಪ್ರತಿವಾದಿಯ ವಕೀಲರೇ ತಿಳಿಸಿದರು. ಸಮಯ ಕೇಳಬಹುದಿತ್ತು, ಕೇಳಲಿಲ್ಲ. ಪಕ್ಕದ ಚೌಕದಲ್ಲಿ ಇನ್ನೊಂದು ಕೇಸು ಶುರುವಾಗಿತ್ತು. ಮರುನಿಮಿಷ ನಿಮ್ಮ ಫೋನು ಬಂತು. ಮುದುಕ ಯಾವಾಗಲೂ ಹೊತ್ತಲ್ಲದ ಹೊತ್ತಿಗೆ ಮಾಡುತ್ತಾನೆ ಎಂದುಕೊಂಡು ಕಟ್ ಮಾಡಿದೆ.

ನಾನು ಹಾಗೆ ಹೇಳಿದ್ದು ಹನ್ನೊಂದು ನಲವತ್ತೆರಡಕ್ಕೆ. ನನ್ನ ಕಂಪ್ಯೂಟರಿನಲ್ಲಿ ದಾಖಲಾಗಿದೆ. ವರಾಂಡದ ಕ್ಯಾಮೆರಾದಲ್ಲಿ ಅದೇ ನಿಮಿಷವನ್ನು ಹುಡುಕಿ ನಿಲ್ಲಿಸಲು ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡುತ್ತಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ವಿರೂಪಣ್ಣನವರು ಜೂನಿಯರುಗಳಿಗೆಲ್ಲ ಹೇಳುತ್ತಿದ್ದರು. ನಾನು ಒಡೆದದ್ದು ನನ್ನ ಮುತ್ತಲ್ಲ, ಅವಳದು. ನನಗೆ ಭಯವಾಗುತ್ತಿದೆ ಚಾಚಾ. ಪಟ್ಟಿಯಿಂದ ಹೆಸರು ಹೋಗುತ್ತದೆಂಬ ಭಯ ಇದ್ದೇ ಇದೆ. ಹುಡುಗಿ ಹೋಗಿಬಿಟ್ಟರೆ ಎಂಬುದು ಅದಕ್ಕಿಂತ ಹೆಚ್ಚು. ಇವತ್ತು ಅವಳನ್ನು ಇಲ್ಲಿಗೇ ಕರೆಸಿ, ಅವಳ ಪ್ರಮಾಣಪತ್ರವನ್ನು ಕೈಯಲ್ಲೇ ಬರೆದೆ. ಒಂದೂವರೆ ಪುಟವಾಯಿತು. ಓದಿ ಹೇಳಿದ ಮೇಲೆ ಹೆಬ್ಬೆಟ್ಟು ಒತ್ತಿದಳು. ನನ್ನದೂ ಒಂದು ಬರೆಯುತ್ತಿದ್ದೇನೆ. ಅದರಲ್ಲಿ ಕೆಂಪು ಗುರುತಿನ ಮೇಲೆ ತಪ್ಪು ಹೊರಿಸಿಲ್ಲ. ಆದೇಶ ರದ್ದು ಮಾಡಿಸುವ ಅರ್ಜಿಯ ವಿಚಾರಣೆ ಏಳನೇ ತಾರೀಖು, ಮಾನ್ವಿಯ ಸಾಹೇಬರ ಮುಂದೆ, ಮತ್ತೆ ಪರದೆಯ ಮೇಲೆಯೇ.

ಎದುರು ಪಕ್ಷದವರು ಒಂದನ್ನು ಖಂಡಿತ ಕೇಳುತ್ತಾರೆ. ಅವಳಿಗೆ ಆರನೇ ತಾರೀಖನ್ನು ಹೇಳಿದವರು ಯಾರು, ಹೇಳಿದವರು ವಕೀಲರಿಗೆ ಯಾಕೆ ತಿಳಿಸಲಿಲ್ಲ ಎಂದು.

ನಾಗವೇಣಿ


ಮಾನ್ವಿ
3 ಫೆಬ್ರುವರಿ 2025

ಬೇಟಿ ನಾಗವೇಣಿಗೆ,

ಪರದೆಯಲ್ಲಿ ನೀನು ಹೇಳಿದ್ದು ನನಗೆ ಮೊದಲ ದಿನದಿಂದಲೂ ಗೊತ್ತು. ನಾನು ಅಲ್ಲಿದ್ದೆ.

ಆರನೇ ತಾರೀಖು ಮೊಣಕಾಲು ತೋರಿಸಲು ಮಾನ್ವಿಗೆ ಬಂದೆ. ಡಾಕ್ಟರು ಬರುವುದು ತಡವೆಂದರು. ಹೊತ್ತು ಹೋಗಲಿಲ್ಲ, ಅಭ್ಯಾಸಬಲ, ಕೋರ್ಟಿನ ಆವರಣಕ್ಕೆ ಹೋಗಿ ಚಹಾ ಕುಡಿಯುತ್ತಾ ನಿಂತೆ. ಆಗ ಒಳಗಿನಿಂದ ಜವಾನ ಬಂದು ಕೂಗಿದ: ಬಸವಂತಮ್ಮ, ಅರಕೇರಾ. ದೇವದುರ್ಗದ ಹೆಸರು ಮಾನ್ವಿಯ ವರಾಂಡದಲ್ಲಿ! ಮೂರು ಸಲ ಕೂಗಿ ಒಳಗೆ ಹೋದ. ಚಹಾ ಅಲ್ಲಿಯೇ ಇಟ್ಟು, ಕಾಲೆಳೆದುಕೊಂಡು ಬಾಗಿಲಿಗೆ ಹೋದೆ. ಗೋಡೆಯ ಪರದೆಯಲ್ಲಿ ನೀನು ಕಂಡೆ. ಅವಳು ಬಂದಿಲ್ಲ ಎಂದು ನೀನು ಹೇಳಿದೆ.

ಅವಳು ಬಂದೇ ಇರುತ್ತಾಳೆಂದು ನನಗೆ ಗೊತ್ತಿತ್ತು. ಹೊಲದಲ್ಲಿ ಹೇಳಿದಾಗ ತಾರೀಖನ್ನು ಮೂರು ಸಲ ಬಾಯಿಪಾಠ ಒಪ್ಪಿಸಿದ್ದಳು. ಸಾಹೇಬ್ರ, ಒಂದು ನಿಮಿಷ ತಡೀರಿ ಎನ್ನಲು ಬಾಯಿವರೆಗೆ ಬಂತು. ಆದರೆ ಗುಮಾಸ್ತ ತನ್ನ ವಕೀಲರ ಮಾತನ್ನು ತೆರೆದ ಕೋರ್ಟಿನಲ್ಲಿ ಅಲ್ಲಗಳೆಯಬಾರದು. ಇದು ನಾನು ಕಲಿತ ಮೊದಲ ಪಾಠ. ವಿರೂಪಣ್ಣನವರು ಎದುರಿಗೇ ತಪ್ಪು ತಾರೀಖು ಹೇಳಿದಾಗಲೂ ಹಿಂದಿನಿಂದ ಕೋಟು ಜಗ್ಗಿದ್ದೇನೆಯೇ ಹೊರತು ಬಾಯಿ ಬಿಟ್ಟವನಲ್ಲ. ಪರದೆಯಲ್ಲಿದ್ದ ನಿನ್ನ ಕೋಟು ಜಗ್ಗುವುದು ಹೇಗೆ? ಹೊರಗೆ ಬಂದು ಫೋನು ಮಾಡಿದೆ, ನೀನು ಕಟ್ ಮಾಡಿದೆ. ನನಗೂ ಸಿಟ್ಟು ಬಂತು. ಬೇಡವೆಂದು ಕಳಿಸಿದವಳಿಗೆ ನಾನ್ಯಾಕೆ ಹೇಳಲಿ ಎಂದುಕೊಂಡು ಫೋನು ಬಂದ್ ಮಾಡಿದೆ. ಒಳಗೆ ಹೋಗಿ ನಿಂತು ಹೇಳಿದ್ದರೆ ಅವತ್ತೇ ಮುಗಿಯುತ್ತಿತ್ತು.

ನೀನಾಗಿಯೇ ಬರೆಯಲಿ ಎಂದು ಇಷ್ಟು ದಿನ ಕಾದೆ. ಅದು ದೊಡ್ಡತನವೆಂದು ತಿಳಿದಿದ್ದೆ. ಹುಡುಗಿ ಬಾಗಿಲ ಹಿಂದೆ ನಿಂತಿದ್ದನ್ನು ನೋಡಿದ ಮೇಲೂ ಕಾದೆನಲ್ಲ, ಅದಕ್ಕೆ ಏನೆನ್ನಬೇಕೋ ಗೊತ್ತಿಲ್ಲ. ನನ್ನ ಸಿಟ್ಟಿಗೆ ಅವಳು ದಂಡ ತೆರಬೇಕಿರಲಿಲ್ಲ.

ಏಳರಂದು ಮಾನ್ವಿಯ ಕೋರ್ಟಿನಲ್ಲಿ ಇರುತ್ತೇನೆ. ಕೇಳಿದರೆ ಎದ್ದು ನಿಲ್ಲುತ್ತೇನೆ. ಕೇಳದಿದ್ದರೂ ನಿಲ್ಲುತ್ತೇನೆ. ನೀನು ರಾಯಚೂರಿನಲ್ಲಿ ಕೂತು ನಡೆಸಬೇಡ. ದೇವದುರ್ಗಕ್ಕೆ ಹೋಗಿ ಅವಳ ಪಕ್ಕದಲ್ಲಿರು.

ವಹೀದ್ ಚಾಚಾ


ರಾಯಚೂರು
8 ಫೆಬ್ರುವರಿ 2025

ಚಾಚಾ,

ಆದೇಶ ರದ್ದಾದದ್ದನ್ನು ನೀವೇ ಕಿವಿಯಾರೆ ಕೇಳಿದ್ದೀರಿ. ಪ್ರತಿ ಕೈಗೆ ಬಂದಿದೆ. ಕೇಸು ಮುಗಿಯುವವರೆಗೆ ವಿಜಯಲಕ್ಷ್ಮಿ ತಾಯಿಯ ಬಳಿಯೇ ಇರಬೇಕು, ಇಪ್ಪತ್ತನಾಲ್ಕಕ್ಕೆ ಬಸವಂತಮ್ಮ ಸಾಕ್ಷಿ ಹೇಳಬೇಕು ಎಂದಿದೆ. ಟೀಚರಮ್ಮನಿಗೆ ಒಂದು ಪ್ರತಿ ಕೊಟ್ಟಿದ್ದೇವೆ. ಸೋಮವಾರದಿಂದ ಹುಡುಗಿ ಶಾಲೆಗೆ ಹೋಗುತ್ತಾಳೆ. ಹುಲಿಗೇಶ ಇಷ್ಟಕ್ಕೆ ಬಿಡುವುದಿಲ್ಲ, ನಾವೂ ಬಿಡುವುದಿಲ್ಲ. ನನ್ನ ಪ್ರಮಾಣಪತ್ರ ಓದಿ ಸಾಹೇಬರು ನನ್ನನ್ನು ಬೈದದ್ದನ್ನೂ ಕೇಳಿದ್ದೀರಿ. ಅದು ನನಗೆ ಸಲ್ಲಬೇಕಾದದ್ದೇ. ಸರ್ಕಾರಿ ಪಟ್ಟಿಯಲ್ಲಿ ಇನ್ನು ನನ್ನ ಹೆಸರು ಉಳಿಯಲಿಕ್ಕಿಲ್ಲ ಎಂದು ಅಪ್ಪನಿಗೆ ಹೇಳಿದೆ. ಅವರು ಊಟ ಮಾಡು ಎಂದರು.

ಪರದೆಯಲ್ಲಿ ನೀವು ಕಾಣಲಿಲ್ಲ, ಕ್ಯಾಮೆರಾ ಸಾಹೇಬರ ಕಡೆಗಿತ್ತು. ದನಿ ಮಾತ್ರ ಕೇಳಿತು. "ಸಾಹೇಬ್ರ, ನಾನು ಅವರ ಗುಮಾಸ್ತ ಅದೀನ್ರಿ. ನಮ್ಮ ವಕೀಲರು ಅವತ್ತು ಹೇಳಿದ್ದು ಖರೇ ಅಲ್ರಿ. ನಾ ಬಾಗಲದಾಗ ನಿಂತು ಕೇಳಿ ಸುಮ್ಮನಾದೆ, ನಂದೂ ತಪ್ಪು ಅದ." ನನಗೆ ಕಣ್ಣಲ್ಲಿ ನೀರು ಬಂತು, ಪರದೆಯಲ್ಲಿ ಕಾಣಬಾರದೆಂದು ಫೈಲು ಹುಡುಕುವವಳಂತೆ ತಲೆ ಬಗ್ಗಿಸಿದೆ.

ಅದಕ್ಕೂ ಮೊದಲು ಈ ಕಡೆ ದೇವದುರ್ಗದಲ್ಲಿ ನಡೆದದ್ದೊಂದು ನಿಮಗೆ ಗೊತ್ತಿಲ್ಲ. ಹತ್ತು ಗಂಟೆಗೇ ಬಸವಂತಮ್ಮನಿಗೆ ಒಳಗೆ ಬಂದು ಪರದೆಯ ಮುಂದೆ ಕೂರು ಎಂದೆ. ಬರಲಿಲ್ಲ. ಬಾಗಿಲ ಪಕ್ಕ, ಅದೇ ಜಾಗದಲ್ಲಿ ಕೂತಳು. "ಕೂಗಲಿ ಅಕ್ಕಾರ, ಆಮ್ಯಾಲ ಬರ್ತೀನಿ" ಎಂದಳು. ಇಷ್ಟೆಲ್ಲ ಆದ ಮೇಲೂ ನಿಮ್ಮ ಮಾತನ್ನು ಮೀರಲು ಒಪ್ಪಲಿಲ್ಲ. ಮಾನ್ವಿಯಲ್ಲಿ ಜವಾನ ಕೂಗಿದ. ಆ ಕೂಗು ನಮ್ಮ ಕಡೆಯ ಸ್ಪೀಕರಿನಲ್ಲಿ ಸಣ್ಣಗೆ ಕೇಳಿತು, ವರಾಂಡಕ್ಕೆ ಮುಟ್ಟಲಿಲ್ಲ. ಅವಳು ಪಕ್ಕದ ಕೋರ್ಟಿನ ಬಾಗಿಲು ನೋಡುತ್ತಾ ಕೂತೇ ಇದ್ದಳು.

ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತು, ಕಪ್ಪು ಕೋಟಿನಲ್ಲೇ, ಜವಾನರು ಕೂಗುವ ಹಾಗೆ ಗಂಟಲೆತ್ತಿ ಕೂಗಿದೆ. ಬಸವಂತಮ್ಮ, ಅರಕೇರಾ! ಬೇವಿನ ಗಿಡದ ಕೆಳಗಿದ್ದ ವಕೀಲರೆಲ್ಲ ತಿರುಗಿ ನೋಡಿದರು, ಇಬ್ಬರು ನಕ್ಕರು. ಮೊದಲನೆಯ ಕೂಗಿಗೇ ಅವಳು ಹಾಜರ್ ಎಂದು ಎದ್ದು ನಿಂತಳು.

ಆದರೂ ಮೂರು ಸಲ ಕೂಗಿದೆ ಚಾಚಾ. ಹೋದ ಸಲದ್ದು ಬಾಕಿ ಇತ್ತು.

ನಿಮ್ಮ
ನಾಗವೇಣಿ